ಮಿಸೆಸ್ ಥರ್ಲೋ ನೆಲ ಒರೆಸಿದ್ದು

ಕೇಂಬ್ರಿಜ್. ಗಣಿತದವರ ಚಹಾ ಕೋಣೆ. ಬೆಳಗಿನ ಐದೂವರೆ.
ಹಲಗೆ ಸಾಲದೆ ಆಟ ನೆಲಕ್ಕಿಳಿದಿದೆ.
ಚೌಕ ಚೌಕದ ಹಾಸಿನ ಮೇಲೆ ಕಪ್ಪು ಕಲ್ಲು,
ಕಲ್ಲು ಮುಗಿದಲ್ಲಿ ಕೋಟಿನ ಗುಂಡಿ, ಅರ್ಧ ಪೆನ್ನಿ.
ಕುರ್ಚಿಗೆ ಅಂಟಿಸಿದ ಚೀಟಿ: ದಯವಿಟ್ಟು ಮುಟ್ಟಬೇಡಿ.
ಮುಟ್ಟದೆ ನೆಲ ಒರೆಸುವುದು ಹೇಗೆಂದು
ಬರೆದವರಿಗೆ ಗೊತ್ತಿರಬೇಕು, ಓದಿದವರು.

ನಿಯಮ ಹೇಳಿಕೊಟ್ಟವನು ಫರ್ಗಸ್,
ಗಡ್ಡ ಇನ್ನೂ ಸರಿಯಾಗಿ ಬಾರದ ಹುಡುಗ, ನಿದ್ದೆಗೆಟ್ಟ ಕಣ್ಣು:
ಸುತ್ತ ಎಂಟು ಮನೆ. ನೆರೆಗೆ ಇಬ್ಬರೋ ಮೂವರೋ ಇದ್ದರೆ ಬದುಕು.
ಒಬ್ಬರೇ ಆದರೆ ಒಂಟಿತನಕ್ಕೆ ಸಾವು,
ನಾಲ್ವರಾದರೆ ಉಸಿರುಕಟ್ಟಿ.
ಖಾಲಿ ಮನೆಗೆ ಸರಿಯಾಗಿ ಮೂವರು ನೆರೆಯಿದ್ದರೆ ಅಲ್ಲೊಂದು ಹುಟ್ಟು.
"ಇಷ್ಟೇನಾ?" ಅಂದೆ.
ನಮ್ಮ ಬೀದಿಯಲ್ಲಿ ಇದು ಎಲ್ಲರಿಗೂ ಗೊತ್ತು.

ಹೆಚ್ಚಿನವು ಗದ್ದಲವೆಬ್ಬಿಸಿ ಸಾಯುತ್ತವಂತೆ.
ಕೆಲವು ನಿಲ್ಲುತ್ತವೆ: ಜೇನುಗೂಡು, ರೊಟ್ಟಿ,
ಮತ್ತೆ ಐದು ಕಲ್ಲಿನದೊಂದು ದೋಣಿ.
ಅದು ಎಲ್ಲಿಗೂ ಹೋಗುವುದಿಲ್ಲ,
ಹಾಗಾಗಿ ಮುಳುಗುವುದೂ ಇಲ್ಲ.
ಬಕೆಟ್ಟಿನ ನೀರು ಬದಲಿಸಲು ನಾನು ಹೊರಗೆ ಹೋದೆ.

ಗುರುವಾರ ನನ್ನ ಒರಸುಬಟ್ಟೆ ಒಂದು ಮೂಲೆಗೆ ತಗಲಿತು.
ನಾಲ್ಕು ಕಲ್ಲಿನ ಚೌಕ. ಒಂದು ಹಾರಿ ಬೀರುವಿನ ಅಡಿಗೆ.
ಎತ್ತಿಕೊಂಡೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ,
ಗಾಬರಿಗೆ ಏಪ್ರನ್ನಿನ ಜೇಬಿಗೆ ಹೋಯಿತು.
ಹುಡುಗರು ಮೊಣಕಾಲೂರಿ ಮುಂದಿನ ತಲೆಮಾರು ಎಣಿಸಿದರು.
ಆ ಮೂಲೆಗೂ ಬಂದರು: ಖಾಲಿ ಮನೆ, ನೆರೆ ಮೂರು.
ಫರ್ಗಸ್ ಒಂದು ಗುಂಡಿಯಿಟ್ಟು ಮುಂದೆ ಸರಿದ.
ಯಾರಿಗೂ ಏನೂ ಕಳೆದಿರಲಿಲ್ಲ.

ನಮ್ಮ ಮೇಜಿಗೂ ನಾಲ್ಕು ಬದಿ.
ಸಿರಿಲ್, ಮ್ಯಾವಿಸ್, ನಾನು.
ಡೆನ್ಜಿಲ್ ಹತ್ತಿದ ಮೀನುದೋಣಿ ಲೋಸ್ಟಾಫ್ಟ್ ಬಿಟ್ಟು ಆರು ಚಳಿಗಾಲ.
ಆ ರಾತ್ರಿ ಖಾಲಿ ಕುರ್ಚಿಯ ಸುತ್ತ ಎಣಿಸಿದೆ:
ಒಂದು, ಎರಡು, ಮೂರು.
ಸಿರಿಲ್ ಉಪ್ಪು ಕೇಳಿದ. ಕೊಟ್ಟೆ.

"ಈ ಚೌಕದಲ್ಲಿ ಏನೂ ಆಗುವುದಿಲ್ಲ, ಮಿಸೆಸ್ ಥರ್ಲೋ,
ಅದೇ ಅದರ ವಿಶೇಷ" ಅಂದ ಹುಡುಗ, ಶುಕ್ರವಾರ.
ಅಲ್ಲಪ್ಪಾ.
ಗಡಿಯಾರದ ಒಂದೊಂದು ಹೊಡೆತಕ್ಕೂ ಒಂದೊಂದು ಕಲ್ಲೂ
ಆಚೀಚೆ ನೋಡಿ, ಎಣಿಸಿ, ಇದ್ದಾರೆ ಎಂದುಕೊಂಡು
ಮತ್ತೆ ಇರುತ್ತದೆ.
ಇಪ್ಪತ್ತೆರಡು ವರ್ಷದಿಂದ ಈ ನೆಲ ನಿನ್ನೆಯ ಹಾಗೇ ಇದೆ,
ನೋಡಿದ್ದೀಯಾ?

ಕಲ್ಲು ವಾಪಸು ಕೊಟ್ಟಿಲ್ಲ.
ಏಪ್ರನ್ನಿನ ಜೊತೆ ವಾರಕ್ಕೊಮ್ಮೆ ಒಗೆತಕ್ಕೆ ಹೋಗಿ ಬರುತ್ತದೆ.
ಕಾಲೆತ್ತು ಮಗಾ, ಕುರ್ಚಿಯಡಿ ಒರೆಸಬೇಕು.