ನಡಾವಳಿ ಪುಸ್ತಕ

ವಾಲ್ಪರೈಸೊ, ಬಂದರಿನ ಮೇಲಣ ಗುಡ್ಡ.
ಇಲ್ಲಿ ಬೆಂಕಿ ಆರಿಸುವವರಿಗೆ ಸಂಬಳವಿಲ್ಲ;
ತಿಂಗಳಿಗಿಷ್ಟು ಅಂತ ನಾವೇ ಚಂದಾ ಕಟ್ಟಿ
ಸುಡುವ ಮನೆಯೊಳಗೆ ಹೋಗುತ್ತೇವೆ.
ಕೇಳಿದವರು ನಗುತ್ತಾರೆ. ನಗಲಿ.
ಹಲಗೆಯ ಗೋಡೆ, ತಗಡಿನ ಹೊದಿಕೆ, ಮೇಲೆ ಕಡಲಗಾಳಿ,
ಈ ಊರಿಗೆ ಒಂದು ಕಿಡಿ ಸಾಕು.

ನಾನು ಯಾಸ್ನಾ, ಕಂಪನಿಯ ಕಾರ್ಯದರ್ಶಿ.
ಹದಿನಾಲ್ಕು ವರ್ಷ. ಅಕ್ಷರ ದುಂಡಗಿದೆ ಎಂದು
ಸೇರಿದ ವಾರವೇ ಪುಸ್ತಕ ಕೈಗಿಟ್ಟರು.
ಬೂಟು ಕೇಳಿದೆ. ಇದ್ದದ್ದೆಲ್ಲ ನಲವತ್ತಮೂರರ ಅಳತೆ.
ಮುಂದಿನ ವರ್ಷ ನೋಡೋಣ ಅಂದರು.
ತುದಿಗೆ ಹಳೇ ಪತ್ರಿಕೆ ತುರುಕಿ
ಏಣಿ ಹತ್ತುವುದು ಕಲಿತೆ.

ಪುಸ್ತಕಕ್ಕೊಂದು ಭಾಷೆಯಿದೆ. ಅದನ್ನೂ ಕಲಿಸಿದರು:
ಸಭೆ ಕರೆಯಲಾಯಿತು. ಲೆಕ್ಕ ಒಪ್ಪಿಸಲಾಯಿತು.
ಚಹಾ ನೀಡಲಾಯಿತು.
ಎಷ್ಟು ಸಭ್ಯವಾದ ಕ್ರಿಯಾಪದ!
ಅವನೂ ಇಲ್ಲ, ಅವಳೂ ಇಲ್ಲ;
ಕೆಟಲು ತಾನೇ ನೀರು ಹಿಡಿದು, ತಾನೇ ಕುದಿದು,
ಮೂವತ್ತೆರಡು ಲೋಟ ತಮ್ಮನ್ನು ತಾವೇ ತೊಳೆದುಕೊಂಡು
ಬೋರಲು ಬಿದ್ದ ಹಾಗೆ.

ಗೋಡೆಯ ಮೇಲೆ ಹತ್ತೊಂಬತ್ತು ಕ್ಯಾಪ್ಟನ್‌ಗಳು, ಚೌಕಟ್ಟಿನಲ್ಲಿ.
ಮೀಸೆ, ಮೀಸೆ, ಮೀಸೆ, ಒಬ್ಬರಿಗೆ ಮಾತ್ರ ಗಡ್ಡ.
ಅವರ ಕೆಳಗೆ ನಾವು ಆರು ಹೆಂಗಸರು
ಬಿಸ್ಕತ್ತು ಜೋಡಿಸುತ್ತಿದ್ದೆವು.
'ನಮ್ಮಲ್ಲಿ ಭೇದವಿಲ್ಲ' ಎಂಬ ಸುತ್ತೋಲೆಯೂ ಅದೇ ಗೋಡೆಗೆ.
ಟೈಪು ಮಾಡಿ, ಸಹಿ ಹಾಕಿಸಿ,
ಪಿನ್ನು ಚುಚ್ಚಿದವಳು ನಾನೇ.

ಫೆಬ್ರವರಿಯ ಒಂದು ರಾತ್ರಿ ಮೇಲಿನ ಕೊರಕಲು ಹೊತ್ತಿಕೊಂಡಿತು.
ನೀಲಗಿರಿ ಮರಗಳು ಪಟಪಟ ಸಿಡಿದವು.
ಬಾಲ್ದೊಮೇರೊ ಹೊಗೆ ಕುಡಿದು ಮಂಡಿಯೂರಿದಾಗ
ಕೊಳವೆಯ ಮೂತಿ ಹಿಡಿದವಳು ಹಿಮೇನಾ,
ಹಗಲು ಮೀನು ಮಾರುವವಳು, ಭುಜ ಗಟ್ಟಿ, ಬಾಯಿ ಇನ್ನೂ ಗಟ್ಟಿ.
ಬೆಳಕು ಹರಿಯುವ ತನಕ ಬಿಡಲಿಲ್ಲ.
ಹನ್ನೊಂದು ಮನೆ ಉಳಿದವು. ಒಂದು ಕೋಳಿಗೂಡೂ.
ಸಂಜೆಯ ಸಭೆಯಲ್ಲಿ ನನ್ನ ಪೆನ್ನು ರೂಢಿಯಂತೆ ಬರೆಯಿತು:
ಬೆಂಕಿ ಆರಿಸಲಾಯಿತು.

ಬರೆದು, ನೋಡಿದೆ. ಬಹಳ ಹೊತ್ತು ನೋಡಿದೆ.
ನನ್ನದೇ ದುಂಡು ಅಕ್ಷರ.
ಅವಳನ್ನು ಅಳಿಸಿದ ಕೈ ಯಾವುದೆಂದು
ಬೇರೆಲ್ಲೂ ಹುಡುಕಬೇಕಿರಲಿಲ್ಲ.

ಮಾರ್ಚಿಯ ಮಹಾಸಭೆ. ಹಿಂದಿನ ನಡಾವಳಿ
ಓದಲೇಬೇಕೆಂಬ ನಿಯಮ. ಓದಿದೆ:
ಬೆಂಕಿ ಆರಿಸಿದವಳು ಹಿಮೇನಾ ಕಾತಾಲಾನ್.
ಬಾಲ್ದೊಮೇರೊನನ್ನು ಹೊತ್ತು ಇಳಿಸಿದವನು ತಾನ್ಕ್ರೇದೊ.
ಚಹಾ ಮಾಡಿದವಳು ಎದುವಿಹಿಸ್, ಸುಟ್ಟ ಅಂಗೈಯಲ್ಲಿ.
ಲೋಟ ತೊಳೆದವಳೂ ಅವಳೇ.
ಅಷ್ಟು ಹೊತ್ತೂ ಧೈರ್ಯದ ಬಗ್ಗೆ ಮಾತಾಡಿದವರು
ದೋನ್ ಫೆರ್ಮಿನ್, ನಲವತ್ತು ನಿಮಿಷ.

ಕುರ್ಚಿಗಳು ಕೆಮ್ಮಿದವು.
"ಚಹಾ ಗಿಹಾ ಎಲ್ಲ ನಡಾವಳಿಗೆ ಬರುತ್ತದೇನಮ್ಮ?"
"ಹದಿನಾಲ್ಕು ವರ್ಷದಿಂದ ಬಂದಿದೆ, ದೋನ್ ಫೆರ್ಮಿನ್.
ಮಾಡಿದವರು ಬಂದಿರಲಿಲ್ಲ, ಅಷ್ಟೆ."

ಇಲ್ಲಿಗೆ ಗೆದ್ದೆವು ಅಂತ ಬರೆದು ಮುಗಿಸಬಹುದಿತ್ತು.
ಕ್ಯಾಪ್ಟನ್ ಚುನಾವಣೆಯಲ್ಲಿ ಹಿಮೇನಾ ನಾಲ್ಕು ಮತಕ್ಕೆ ಸೋತಳು.
ಆ ನಾಲ್ಕರಲ್ಲೊಂದು, ನನಗೆ ಗೊತ್ತು, ಎದುವಿಹಿಸಳದು.
"ಅವಳ ಮಗು ಇನ್ನೂ ಚಿಕ್ಕದು, ಪಾಪ" ಅಂದಳು.
ನಾನು ಜಗಳವಾಡಲಿಲ್ಲ. ಮೂರು ದಿನ ಮಾತೂ ಆಡಲಿಲ್ಲ.

ಜೂನ್‌ನಲ್ಲಿ ಒಂದು ಪೆಟ್ಟಿಗೆ ಬಂತು.
ಮೂವತ್ತೇಳು, ಮೂವತ್ತೆಂಟರ ಅಳತೆ, ಆರು ಜೊತೆ.
ಹಳೇ ಬೂಟಿನ ತುದಿಯಿಂದ ಪತ್ರಿಕೆ ಎಳೆದೆ:
ಬೆವರು ಕುಡಿದು ಕಲ್ಲಾಗಿತ್ತು,
ನನ್ನ ಬೆರಳುಗಳ ಅಚ್ಚಿತ್ತು,
ಓದಲು ಒಂದಕ್ಷರ ಉಳಿದಿರಲಿಲ್ಲ.

ಚಹಾಕ್ಕೆ ಈಗ ಸರದಿ ಪಟ್ಟಿಯಿದೆ.
ನಿನ್ನೆ ದೋನ್ ಫೆರ್ಮಿನ್ ಅವರ ಪಾಳಿ.
ಅಡುಗೆಕೋಣೆಯಿಂದ ತಲೆ ಹೊರಹಾಕಿ, ದನಿ ತಗ್ಗಿಸಿ,
ಸಕ್ಕರೆ ಎಲ್ಲಿದೆ ಎಂದು ಕೇಳಿದರು.
ನಲವತ್ತೊಂದು ವರ್ಷ ಈ ಕಟ್ಟಡದಲ್ಲಿ,
ಕಗ್ಗತ್ತಲಲ್ಲೂ ಗುಡ್ಡದ ಪ್ರತಿ ನಲ್ಲಿ ಬಲ್ಲವರು.

ಮೇಲಿನ ಕಪಾಟು, ಎಡಗಡೆ, ಅಂದೆ.
ಇದನ್ನು ಪುಸ್ತಕದಲ್ಲಿ ಬರೆಯಲಿಲ್ಲ.