ಒಂದೇ ಚೌಕ

ಗುಲು ಊರಿನ ತಗಡಿನ ಸೂರಡಿ
ಲಾಮುನು ಚೌಕ ಎಳೆಯುತ್ತಾಳೆ:
ಯಾವುದೋ ದೇಶದ ಹಿಮದ ಬೀದಿ,
ಕೋಟು ತೊಟ್ಟವರು, ತಳ್ಳುಗಾಡಿಯ ಕೂಸು.
ತಾನೇ ಓಡುವ ಕಾರಿಗೆ
‘ಇದು ಮನುಷ್ಯ, ನಿಲ್ಲು’ ಎಂದು ಕಲಿಸಬೇಕು.
ಚೌಕಕ್ಕಿಷ್ಟು ಕಾಸು.

ಇವತ್ತು ಅಪರೂಪಕ್ಕೆ ತೆರೆಯ ಮೇಲೆ ಕೆಮ್ಮಣ್ಣು,
ತಲೆಯಲ್ಲಿ ಬುಟ್ಟಿ ಹೊತ್ತ ಹೆಂಗಸು.
ನಿಯಮ: ಹೊರೆ ಬೇರೆ, ಆಳು ಬೇರೆ.

ಅವ್ವ ಬುಟ್ಟಿಯಿಲ್ಲದೆ ಎಂದಾದರೂ ನಡೆದದ್ದುಂಟೆ?
ಎರಡನ್ನೂ ಸೇರಿಸಿ ಎಳೆದಳು
ಒಂದೇ ಚೌಕ.

ಕೆಂಪು ಗುರುತು ಬಂತು. ತಪ್ಪು. ಕೂಲಿಗೆ ಕತ್ತರಿ.
ಯಾರ ಕಣ್ಣಿಗೆ ತಪ್ಪು?
ಕೇಳಲು ಗುಂಡಿಯೇ ಇಲ್ಲ.

ಸಂಜೆ ಮರಗೆಣಸು ಹೊತ್ತು ರಸ್ತೆ ದಾಟುವಾಗ
ಬಾಡಿಗೆ ಬೈಕಿನ ಹುಡುಗ ಗಕ್ಕನೆ ಬ್ರೇಕು ಒತ್ತಿದ.
ದೀಪವಿಲ್ಲದ ದಾರಿ.
‘ಭಾರ ಜಾಸ್ತಿಯಾಯ್ತೇನಕ್ಕಾ?’ ಅಂದ.