ಹೆಜ್ಜೆಯ ಉದ್ದ

ಈ ಸಮೀಕರಣವನ್ನು ಬಿಡಿಸಲು ಬರುವುದಿಲ್ಲ ಎಂದು
ಮೊದಲ ದಿನವೇ ಹೇಳಿಬಿಟ್ಟರು ಕಲ್ಮಠ ಸಾಹೇಬರು.
ಉತ್ತರ ಇಲ್ಲವೆಂದಲ್ಲ. ಇದೆ.
ಘಟಪ್ರಭೆ ದಿನವೂ ಹರಿದು ತೋರಿಸುತ್ತಾಳೆ,
ಒಂದು ಸಾಲಿನಲ್ಲಿ ಬರೆದುಕೊಡು ಎಂದರೆ ಒಲ್ಲೆನ್ನುತ್ತಾಳೆ.
ಆಳ ವೇಗವನ್ನು ತಿದ್ದುತ್ತದೆ, ವೇಗ ಇಳಿಜಾರನ್ನು,
ಇಳಿಜಾರು ತಿರುಗಿ ಆಳವನ್ನು.
ಅತ್ತಿ ಸೊಸಿ ಜಗಳ ಇದ್ಧಾಂಗ,
ಮೊದಲು ಯಾರು ಅಂದರು ಅಂತ ಕೇಳಬಾರದು.

ಅದಕ್ಕೇ ನಡೆಯಬೇಕು.
ಕಟ್ಟೆಯ ಬಾಗಿಲಲ್ಲಿ ನೀರಿನ ಮಟ್ಟ ಗೊತ್ತು,
ಅಲ್ಲಿಂದ ಹೊಳೆಗೆ ಎದುರಾಗಿ ಮೇಲಕ್ಕೆ
ಐನೂರು ಮೀಟರಿಗೊಂದು ಹೆಜ್ಜೆ.
ಮುಂದಿನ ಆಳ ಇಷ್ಟಿರಬಹುದೆಂದು ಊಹಿಸು,
ಲೆಕ್ಕ ಹಾಕು, ಕೂಡದಿದ್ದರೆ ಊಹೆಯನ್ನು ತಿದ್ದು, ಮತ್ತೆ ಹಾಕು.
ರೊಟ್ಟಿ ಬಡಿಯುವವಳಿಗೆ ಇದನ್ನೇನು ಕಲಿಸುವುದು:
ನಾದು, ಒತ್ತಿ ನೋಡು, ಇನ್ನೊಂದು ಚೂರು ನೀರು.

ನಾನು ದಾನಮ್ಮ ಕೆರೂರ, ದಿನಗೂಲಿ ಲೆಕ್ಕದವಳು.
ಬಾಗಲಕೋಟೆಯ ತಗಡಿನ ಆಫೀಸು, ಏಪ್ರಿಲ್ ತಿಂಗಳು,
ಹಿಡಿಕೆ ತಿರುಗಿಸಿದರೆ ಕಿರುಗುಟ್ಟುವ ಗುಣಾಕಾರದ ಯಂತ್ರ,
ಒಂದು ಹೆಜ್ಜೆಗೆ ಮೂರು ಪುಟ,
ಬೆವರಿಗೆ ಕಲೆಸಿಹೋದ ಅಂಕಿಗಳು.

ಹೊಳೆಯ ತಳದ ಒರಟುತನಕ್ಕೂ ಒಂದು ಅಂಕಿ ಬೇಕಿತ್ತು.
ಪುಸ್ತಕದಲ್ಲಿ ಯಾವುದೋ ದೇಶದ ನದಿಗಳ ಫೋಟೊ.
ಕೋಲು ಹಿಡಿಯುವ ರಾಜೇಸಾಬ ಲುಂಗಿ ಎತ್ತಿಕಟ್ಟಿ ಇಳಿದ,
ಅಂಗಾಲಿನಿಂದ ಓದಿ ಹೇಳಿದ:
"ಇಲ್ಲಿ ಉಸುಕು ಐತ್ರಿ ಅಕ್ಕಾರ. ಇಲ್ಲಿ ಹಾಸುಗಲ್ಲು. ಇಲ್ಲಿ ಜಾಲಿಕಂಟಿ.
ಇಲ್ಲಿ ಎಮ್ಮಿ ಮಲಗತಾವು, ಅವನ್ನೂ ಹಿಡೀರಿ."
ಹಿಡಿದೆ.
ಮೂರನೆಯ ದಶಾಂಶದಲ್ಲಿ ಎಮ್ಮೆಗಳನ್ನು ಕಟ್ಟಿದೆ.

ಐನೂರರ ಹೆಜ್ಜೆಗೆ
ಕಿಲ್ಲಾದ ಹುಸೇನಬಿಯ ಮನೆ ಒಣಗಿಯೇ ಇತ್ತು.
ನೂರರ ಹೆಜ್ಜೆಗೆ ಅವಳ ಅಡುಗೆಮನೆಯಲ್ಲಿ ಮೊಣಕಾಲುದ್ದ ನೀರು.
ಹೊಳೆ ಅದೇ. ಸಣ್ಣದಾದದ್ದು ನನ್ನ ಕಾಲು.
"ಐವತ್ತಕ್ಕೆ ಹಾಕು" ಅಂದರು ಸಾಹೇಬರು.
ನಾಲ್ಕು ಬೆರಳು ಏರಿತು.
"ಇಪ್ಪತ್ತೈದಕ್ಕೆ."
ಇನ್ನೊಂದು ಬೆರಳು.
"ಸಾಕು. ಇನ್ನ ಅದು ಕದಲೂದಿಲ್ಲ."
ಅವರು ಚಹಾ ತರಿಸಿದರು. ನನಗೆ ಕುಡಿಯಲಾಗಲಿಲ್ಲ.

ಹಳದಿ ಬಣ್ಣದ ಡಬ್ಬಿ ಹಿಡಿದು ನಾವೇ ಹೋದೆವು.
ಗೋಡೆಯ ಮೇಲೆ, ಒಲೆಯಿಂದ ಒಂದು ಗೇಣು ಎತ್ತರಕ್ಕೆ
ರಾಜೇಸಾಬ ಗೆರೆ ಎಳೆಯುವಾಗ
ಹುಸೇನಬಿ ಡಬ್ಬಗಳನ್ನು ಮೇಲಿನ ಮಾಡಕ್ಕೆ ಏರಿಸಿದಳು,
ನೀರು ಸಂಜೆಗೇ ಬರುತ್ತದೆಂಬಂತೆ.
"ಇದನ್ನ ಯಾರು ನೋಡಿ ಬಂದಾರವ್ವಾ?"
ಯಾರೂ ನೋಡಿರಲಿಲ್ಲ. ನಡೆದು ಬಂದಿದ್ದೆವು, ಕಾಗದದ ಮೇಲೆ.

ಆಮೇಲೆ ಇನ್ನೊಂದು ತೊಡಕು. ಹಿನ್ನೀರಿನ ಗೆರೆ ಮುಗಿಯುವುದೇ ಇಲ್ಲ,
ಮೂಲ ಹೊಳೆಯ ಹತ್ತಿರ ಹತ್ತಿರ ಬರುತ್ತದೆ, ಮುಟ್ಟುವುದಿಲ್ಲ.
ಸರಕಾರಕ್ಕೆ ಮಾತ್ರ ಹಳ್ಳಿಗಳ ಯಾದಿಗೊಂದು ಕೊನೆ ಬೇಕು.
ಅಂತರ ಒಂದು ಬೆರಳಿಗಿಂತ ಕಮ್ಮಿಯಾದಲ್ಲಿ ನಿಲ್ಲಿಸಿದೆವು.
ಯಾರ ಬೆರಳು ಎಂದು ಯಾರೂ ಬರೆದಿಡಲಿಲ್ಲ.

ನೀರು ಬಂತು, ಎಷ್ಟೋ ವರ್ಷಕ್ಕೆ.
ಮಾಡು ಬಿಚ್ಚಿ ಒಯ್ದಿದ್ದ ಆ ಗೋಡೆಗೆ ನಾನೂ ಹೋಗಿ ನಿಂತೆ.
ಹಳದಿ ಗೆರೆಗಿಂತ ಎರಡು ಬೆರಳು ಕೆಳಗೆ ನೀರು.
ಲೆಕ್ಕ ಬರೋಬ್ಬರಿ ಇತ್ತೋ,
ಒಂದು ತಪ್ಪು ಇನ್ನೊಂದು ತಪ್ಪನ್ನು ಕಡಿದುಹಾಕಿತ್ತೋ,
ಇವತ್ತಿಗೂ ತಿಳಿದಿಲ್ಲ.
ರಾಜೇಸಾಬ ಮಾತ್ರ ಆಚೆ ದಡ ತೋರಿಸಿದ:
"ಎಮ್ಮಿ ಜಾಗಾ ಬದಲ ಮಾಡ್ಯಾವ ನೋಡ್ರಿ ಅಕ್ಕಾರ."